ಕ್ಯಾಂಪಸ್ಸಿನ ಅತಿಥಿ ಗೃಹದಲ್ಲಿ ಕೋಣೆ ಕೇಳುವುದು ಹೇಗೆ?

ಸಂದರ್ಶನದ ಪತ್ರದಲ್ಲಿ ‘ಬೆಳಿಗ್ಗೆ 9 ಗಂಟೆಗೆ ಹಾಜರಿರತಕ್ಕದ್ದು’ ಎಂದಿದ್ದರೆ, ಚಂದಕವಾಡಿಯ ಮನೆಯಲ್ಲಿ ಆ ದಿನ ಹಿಂದಿನ ಮಧ್ಯಾಹ್ನವೇ ಶುರುವಾಗುತ್ತದೆ. ಹೋಬಳಿಯಿಂದ ಚಾಮರಾಜನಗರಕ್ಕೊಂದು ಬಸ್ಸು, ಅಲ್ಲಿಂದ ಬಸ್ಸೋ ರೈಲೋ ಹಿಡಿದು ಮೈಸೂರು, ಮೈಸೂರಿಂದ ಬೆಂಗಳೂರು, ಬೆಂಗಳೂರಲ್ಲಿ ಮತ್ತೆ ಸಿಟಿ ಬಸ್ಸು ಅಥವಾ ಮೆಟ್ರೊ. ಬೆಳಗಿನ ಮೊದಲ ಬಸ್ಸು ಹತ್ತಿದರೂ ಹೊತ್ತಿಗೆ ಸರಿಯಾಗಿ ಮುಟ್ಟುವ ಭರವಸೆ ಇಲ್ಲ. ರಾತ್ರಿ ಎಲ್ಲಾದರೂ ತಂಗಲೇಬೇಕು. ಮೆಜೆಸ್ಟಿಕ್ ಸುತ್ತಿನ ಲಾಡ್ಜು, ನೆಂಟರ ಮನೆ, ಊರಿನ ಹುಡುಗರು ಸೇರಿ ಮಾಡಿಕೊಂಡಿರುವ ರೂಮು: ನಮ್ಮ ಕಡೆಯವರಿಗೆ ತಟ್ಟನೆ ಹೊಳೆಯುವುದು ಇವೇ. ಸಂದರ್ಶನ ನಡೆಯುವ ಸಂಸ್ಥೆಯ ಆವರಣದಲ್ಲೇ ಅತಿಥಿ ಗೃಹ ಇರುತ್ತದೆ, ಅಲ್ಲಿ ಕೋಣೆ ಕೇಳಬಹುದು ಎನ್ನುವುದು ಬಹಳ ಜನರ ತಲೆಗೇ ಬರುವುದಿಲ್ಲ. ಬಂದರೂ, ಅದೆಲ್ಲ ದೊಡ್ಡ ಮನುಷ್ಯರಿಗೆ, ನಮಗೆಲ್ಲಿ ಕೊಡುತ್ತಾರೆ ಎಂದು ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಪ್ರವಾಸಿ ಮಂದಿರವನ್ನು, ಅಂದರೆ ನಾವು ಐಬಿ ಎನ್ನುವುದನ್ನು, ಶಾಸಕರು, ಅಧಿಕಾರಿಗಳು ಬಂದಾಗ ಮಾತ್ರ ಬಾಗಿಲು ತೆರೆಯುವ ಜಾಗವಾಗಿ ನೋಡಿಕೊಂಡು ಬೆಳೆದವರು ನಾವು. ಅದೇ ಕಣ್ಣಿನಲ್ಲಿ ವಿಶ್ವವಿದ್ಯಾಲಯದ ಅತಿಥಿ ಗೃಹವನ್ನೂ ನೋಡುತ್ತೇವೆ. ಎರಡೂ ನಡೆಯುವ ರೀತಿ ಬೇರೆ. ಐಬಿಯಲ್ಲಿ ಹುದ್ದೆ ನೋಡುತ್ತಾರೆ. ಕ್ಯಾಂಪಸ್ಸಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಯಾವ ಕೆಲಸಕ್ಕೆ ಬರುತ್ತಿದ್ದೀರಿ, ಒಳಗಿನವರಲ್ಲಿ ಯಾರು ನಿಮ್ಮನ್ನು ಬಲ್ಲರು? ಮದುವೆ ಮನೆಯ ಬಾಗಿಲಲ್ಲಿ ‘ಯಾರ ಕಡೆಯವರು?’ ಎಂದು ಕೇಳುವ ಹಾಗೆ. ಈ ಪ್ರಶ್ನೆಗಳಿಗೆ ಉತ್ತರ ಇದ್ದರೆ ಕೋಣೆ ಸಿಗುವ ದಾರಿ ಅರ್ಧ ತೆರೆದ ಹಾಗೆ. ಬಾಡಿಗೆ ಎಷ್ಟು, ಎಷ್ಟು ದಿನ ಇರಬಹುದು, ಕೊನೆ ಗಳಿಗೆಯಲ್ಲಿ ಕೋಣೆ ಕೈತಪ್ಪುತ್ತದೆಯೇ ಎನ್ನುವುದೆಲ್ಲ ಆ ಉತ್ತರದ ಮೇಲೇ ನಿಂತಿರುತ್ತದೆ.

ಆ ಒಳಗಿನವರಿಗೆ ಕಚೇರಿಯ ಮಾತಿನಲ್ಲಿ ಇಂಡೆಂಟರ್ ಎನ್ನುತ್ತಾರೆ. ಪ್ರಾಧ್ಯಾಪಕರೋ, ವಿಭಾಗದ ಮುಖ್ಯಸ್ಥರೋ, ಕೆಲವು ಕಡೆ ಸಂಶೋಧನಾ ವಿದ್ಯಾರ್ಥಿಯೋ ನಿಮ್ಮ ಪರವಾಗಿ ಕೋಣೆ ಕೇಳಿ ಅರ್ಜಿ ಹಾಕುತ್ತಾರೆ. ನೀವು ದುಡ್ಡು ಕಟ್ಟದೆ ಹೋದರೆ, ಕೋಣೆಯಲ್ಲಿ ಏನಾದರೂ ಮುರಿದರೆ, ಸಂಸ್ಥೆ ಮೊದಲು ಕೇಳುವುದು ಅವರನ್ನು. ಎಷ್ಟೋ ಸಂಸ್ಥೆಗಳಲ್ಲಿ ಅರ್ಜಿಯಲ್ಲೇ ‘ಅತಿಥಿ ಪಾವತಿಸದಿದ್ದರೆ ನನ್ನ ಸಂಬಳದಿಂದ ಹಿಡಿಯಬಹುದು’ ಎಂಬ ಅರ್ಥದ ಒಪ್ಪಿಗೆ ಇರುತ್ತದೆ. ಮುಖ ನೋಡದ ಪ್ರೊಫೆಸರ್ ಒಬ್ಬರು ನಿಮಗಾಗಿ ಅರ್ಜಿ ಹಾಕಿದರೆಂದರೆ ಅದು ಸಣ್ಣ ಉಪಕಾರವಲ್ಲ. ಅದಕ್ಕೇ, ಬರುವುದಿಲ್ಲ ಎಂದಾದ ತಕ್ಷಣ ಅವರಿಗೆ ಮೊದಲು ತಿಳಿಸಬೇಕು.

ಅರ್ಜಿಯನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಕಾಗದದಲ್ಲಿರಲಿ, ಆನ್‌ಲೈನಿನಲ್ಲಿರಲಿ, ಅಂಕಣಗಳು ಹೆಚ್ಚುಕಡಿಮೆ ಒಂದೇ. ಅತಿಥಿಯ ಹೆಸರು, ವಿಳಾಸ, ಫೋನು. ಜೊತೆಗೆ ಬರುವವರು, ಅವರ ವಯಸ್ಸು, ನಿಮಗೆ ಏನಾಗಬೇಕು. ಬರುವ ದಿನ ಮತ್ತು ಗಂಟೆ, ಹೋಗುವ ದಿನ ಮತ್ತು ಗಂಟೆ. ಬರುವ ಉದ್ದೇಶ. ಹಣ ಯಾರ ಲೆಕ್ಕಕ್ಕೆ: ಅತಿಥಿಯೇ ಕೊಡುತ್ತಾರೋ, ವಿಭಾಗವೋ, ಯಾವುದಾದರೂ ಸಂಶೋಧನಾ ಯೋಜನೆಯ ಹಣವೋ? ಕೊನೆಗೆ ಇಂಡೆಂಟರ್ ಸಹಿ, ಅದರ ಕೆಳಗೆ ಮಂಜೂರು ಮಾಡುವವರ ಸಹಿ. ಇದರಲ್ಲಿ ಎಲ್ಲರೂ ಅವಸರದಲ್ಲಿ ತುಂಬುವ ಅಂಕಣ ‘ಉದ್ದೇಶ’. ನಿಮ್ಮ ವರ್ಗ ತೀರ್ಮಾನವಾಗುವುದು ಅಲ್ಲೇ. ‘ವೈಯಕ್ತಿಕ’ ಎಂದು ಬರೆದರೆ ಹೆಚ್ಚಿನ ಬಾಡಿಗೆಯ ಸಾಲಿಗೆ ಹೋಗುತ್ತೀರಿ, ಕೋಣೆಯೂ ಎಲ್ಲರಿಗೂ ಕೊಟ್ಟು ಉಳಿದರೆ ಮಾತ್ರ. ‘ಪಿಎಚ್‌ಡಿ ಪ್ರವೇಶದ ಸಂದರ್ಶನ, ಪತ್ರದ ಪ್ರತಿ ಲಗತ್ತಿಸಿದೆ’ ಎಂದು ಬರೆದರೆ ಸಂಸ್ಥೆಯ ಕೆಲಸಕ್ಕೆ ಬಂದವರಾಗುತ್ತೀರಿ. ಎರಡೂ ನಿಜವಿರಬಹುದು, ಮಗಳ ಸಂದರ್ಶನಕ್ಕೆ ಅಪ್ಪ ಜೊತೆಗೆ ಬಂದಿರುವುದು ವೈಯಕ್ತಿಕವೇ ಇರಬಹುದು. ಆದರೆ ಬಂದ ಕಾರಣ ಸಂಸ್ಥೆಯೇ ಕಳಿಸಿದ ಪತ್ರ. ಅದನ್ನು ಇದ್ದ ಹಾಗೆ ಬರೆಯಬೇಕು.

ವರ್ಗಗಳು ಸಾಮಾನ್ಯವಾಗಿ ಮೂರು. ಸಂಸ್ಥೆಯೇ ಕರೆಸಿಕೊಂಡವರು ಮೊದಲನೆಯವರು: ಪರೀಕ್ಷಕರು, ಉಪನ್ಯಾಸಕ್ಕೆ ಬಂದವರು, ಸಮಿತಿಯ ಸದಸ್ಯರು. ಇವರ ಖರ್ಚು ಬಹುತೇಕ ಸಂಸ್ಥೆಯದೇ. ಆಮೇಲೆ ಸಂಸ್ಥೆಯ ನಂಟಿರುವವರು: ಹಳೆಯ ವಿದ್ಯಾರ್ಥಿಗಳು, ಈಗಿನ ವಿದ್ಯಾರ್ಥಿಗಳ ತಂದೆತಾಯಿ, ಬೇರೆ ವಿಶ್ವವಿದ್ಯಾಲಯದಿಂದ ಗ್ರಂಥಾಲಯಕ್ಕೋ ಪ್ರಯೋಗಾಲಯಕ್ಕೋ ಬಂದವರು. ಕೊನೆಗೆ ಸಿಬ್ಬಂದಿಯ ಸ್ವಂತ ನೆಂಟರಿಷ್ಟರು. ಒಂದೇ ಕೋಣೆಗೆ, ಅದೇ ಮಂಚಕ್ಕೆ, ಈ ಮೂವರೂ ಬೇರೆ ಬೇರೆ ಬಾಡಿಗೆ ಕೊಡುತ್ತಾರೆ. ಹೀಗಾಗಿ, ಹೋಗಿ ಬಂದವರನ್ನು ‘ಅಲ್ಲಿ ಎಷ್ಟು ತಗೊಂಡರು?’ ಎಂದು ಕೇಳಿ ಅದೇ ಲೆಕ್ಕ ಇಟ್ಟುಕೊಂಡು ಹೋದರೆ ಮೋಸ ಹೋಗುತ್ತೀರಿ. ‘ಯಾವ ವರ್ಗದಲ್ಲಿ ಕೊಟ್ಟಿದ್ದರು?’ ಎಂದೂ ಕೇಳಬೇಕು.

ಈಗ ಒಂದೊಂದು ಕಡೆಯನ್ನೂ ಹೋಲಿಸಿ ನೋಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮಗೆ ಹೊಸಬರ ಮನೆಯಲ್ಲ. 1909ರಲ್ಲಿ ಶುರುವಾದ ಅದಕ್ಕೆ 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಹಳಬರಿಗೆ ಈಗಲೂ ಬೇಗ ಗೊತ್ತಾಗುತ್ತದೆ. ಅಲ್ಲಿ ಒಂದಲ್ಲ, ಹಲವು ತಂಗುಮನೆಗಳಿವೆ: ಮೇನ್ ಗೆಸ್ಟ್ ಹೌಸ್, ಸೆಂಟಿನರಿ ವಿಸಿಟರ್ಸ್ ಹೌಸ್, ಹೊಯ್ಸಳ ಹೌಸ್. ದೃಢೀಕರಣದ ಸಂದೇಶದಲ್ಲಿ ಇವುಗಳಲ್ಲಿ ಯಾವುದು ಎಂದು ಇರುತ್ತದೆ. ಅದನ್ನು ಗೇಟಿನಲ್ಲಿ ಸರಿಯಾಗಿ ಹೇಳಬೇಕು, ಬರೀ ‘ಗೆಸ್ಟ್ ಹೌಸ್’ ಎಂದರೆ ಸೆಕ್ಯುರಿಟಿಯವರು ಒಂದು ದಿಕ್ಕಿಗೆ ಕೈ ತೋರಿಸುತ್ತಾರೆ, ನಿಮ್ಮ ಕೋಣೆ ಇನ್ನೊಂದು ದಿಕ್ಕಿನಲ್ಲಿರುತ್ತದೆ. ರಾತ್ರಿ ಹೊತ್ತು, ಕೈಯಲ್ಲಿ ಬ್ಯಾಗು, ಮರಗಳ ನಡುವಿನ ರಸ್ತೆ. ಆ ನಡಿಗೆ ಚಿಕ್ಕದಲ್ಲ. ಯಶವಂತಪುರದ ರೈಲು ಮತ್ತು ಮೆಟ್ರೊ ನಿಲ್ದಾಣ ಹತ್ತಿರ ಇರುವುದು ದೊಡ್ಡ ಅನುಕೂಲ. ಇಂಥ ಸಂಸ್ಥೆಗಳಲ್ಲಿ ಕೋಣೆ ಸಿಗುವುದೇ ಕಷ್ಟ, ಏಕೆಂದರೆ ವರ್ಷವಿಡೀ ಸಮ್ಮೇಳನ, ಪರೀಕ್ಷಕರು, ವಿದೇಶದ ಅತಿಥಿಗಳು ಇದ್ದೇ ಇರುತ್ತಾರೆ. ಡಿಸೆಂಬರ್, ಜನವರಿ ತಿಂಗಳಲ್ಲಂತೂ ಸಮ್ಮೇಳನಗಳ ಸುಗ್ಗಿ. ಕೋಣೆ ಇಲ್ಲ ಎಂದರೆ ಅಲ್ಲಿಗೆ ಬಿಡಬೇಡಿ. ಸಂದರ್ಶನಕ್ಕೆ ಬರುವ ಹುಡುಗ ಹುಡುಗಿಯರಿಗೆ ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಮಟ್ಟಿಗೆ ಜಾಗ ಕೊಡುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ. ಪತ್ರದಲ್ಲಿ ಅದರ ಮಾತಿಲ್ಲದಿದ್ದರೂ ಪತ್ರ ಕಳಿಸಿದ ವಿಭಾಗದ ಕಚೇರಿಗೆ ಫೋನು ಮಾಡಿ ಕೇಳುವುದರಲ್ಲಿ ತಪ್ಪಿಲ್ಲ.

ಬೆಂಗಳೂರಿನ ಉಳಿದ ಸಂಸ್ಥೆಗಳಲ್ಲಿ ದೂರವೇ ದೊಡ್ಡ ಪ್ರಶ್ನೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗಿದೆ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ, ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿದೆ. ಇವೆಲ್ಲ ಊರಿನ ಉತ್ತರದ ತುದಿ. ಮೈಸೂರು ರಸ್ತೆಯಿಂದ ಬರುವ ನಮಗೆ ಊರನ್ನು ಪೂರ್ತಿ ದಾಟಿ ಹೋಗಬೇಕಾದ ಜಾಗ. ಇಲ್ಲಿ ಕೆಲಸ ಇದ್ದರೆ ಮೆಜೆಸ್ಟಿಕ್ ಲಾಡ್ಜಿನಲ್ಲಿ ಇಳಿದು ಬೆಳಿಗ್ಗೆ ಹೊರಡುತ್ತೇನೆ ಎನ್ನುವುದು ಜಾಣತನವಲ್ಲ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯನ್ನು ಬೆಳಗಿನ ಎಂಟೂವರೆಗೆ ನಂಬಲಾಗದು. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕ್ಯಾಂಪಸ್ಸಿನೊಳಗೇ ಇರುವುದು ಒಳ್ಳೆಯದು. ಅರ್ಥಶಾಸ್ತ್ರ, ಸಮಾಜಶಾಸ್ತ್ರದವರು ಹೋಗುವ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು, ನಮ್ಮ ದಾರಿಗೆ ಅನುಕೂಲ. ಮೈಸೂರು ರಸ್ತೆಯಿಂದ ಊರೊಳಕ್ಕೆ ಹೋಗದೆಯೇ ತಲುಪಬಹುದು.

ಮೈಸೂರಿನ ಕತೆ ಬೇರೆ. ಅದು ನಮಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು, ಒಂದು ದಿನದ ಕೆಲಸಕ್ಕೆ ಕೋಣೆಯೇ ಬೇಡ. ಕೋಣೆಯ ಮಾತು ಬರುವುದು ಕೆಲಸ ಮೂರು ದಿನಕ್ಕೋ ವಾರಕ್ಕೋ ಎಳೆದಾಗ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯವಿದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ವಾಕ್ ಶ್ರವಣ ಸಂಸ್ಥೆಯಿದೆ, ಪಕ್ಕದಲ್ಲೇ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಚೆಲುವಾಂಬ ಮಹಲಿನಲ್ಲಿ 1950ರಿಂದ ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ ಇದೆ. ಶ್ರೀರಾಂಪುರದಲ್ಲಿ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ರೇಷ್ಮೆ ಬೆಳೆಯುವ ನಮ್ಮ ಜಿಲ್ಲೆಯವರಿಗೆ, ಗುಂಡ್ಲುಪೇಟೆಯ ಅರಿಸಿನ, ಬಾಳೆಯವರಿಗೆ ಈ ಕೊನೆಯ ಎರಡು ಸಂಸ್ಥೆಗಳ ಜೊತೆ ಹೆಚ್ಚು ವ್ಯವಹಾರ. ತರಬೇತಿಗೆ ಹೆಸರು ನೋಂದಾಯಿಸುವಾಗ ಶುಲ್ಕದಲ್ಲಿ ವಸತಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸೇರಿರದಿದ್ದರೆ ತರಬೇತಿ ವಿಭಾಗದವರೇ ನಿಮ್ಮ ಇಂಡೆಂಟರ್. ದಿನಾ ಬಸ್ಸಿನಲ್ಲಿ ಓಡಾಡುವ ಖರ್ಚು, ಸುಸ್ತು ಎರಡನ್ನೂ ಲೆಕ್ಕ ಹಾಕಿದರೆ ಡಾರ್ಮಿಟರಿಯ ಒಂದು ಮಂಚವೂ ಅಗ್ಗವೇ.

ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದುಕೊಂಡು ಹೋಗುವ ತಾಯಂದಿರ ಮಾತು ಇಲ್ಲಿ ಹೇಳಲೇಬೇಕು. ಮಾತು ಕಲಿಸುವ ಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅತಿಥಿ ಗೃಹ ಎನ್ನುವುದು ಎಲ್ಲಿಯಾದರೂ ಕೆಲವು ದಿನದ ಮಟ್ಟಿಗೆ ಮಾತ್ರ ಕೊಡುವ ಜಾಗ. ತಿಂಗಳ ಲೆಕ್ಕಕ್ಕೆ ಅದನ್ನು ನಂಬಿಕೊಂಡು ಹೋಗಬಾರದು. ಮೊದಲ ಭೇಟಿಯಲ್ಲೇ ಅಲ್ಲಿನ ಸಮಾಲೋಚಕರನ್ನು, ನಿಮ್ಮ ಹಾಗೇ ದೂರದಿಂದ ಬಂದಿರುವ ಬೇರೆ ತಾಯಂದಿರನ್ನು ಕೇಳಿದರೆ ಸುತ್ತಲಿನ ಬಡಾವಣೆಗಳಲ್ಲಿ ಬಾಡಿಗೆ ಕೋಣೆಯ ದಾರಿ ತಿಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗೆ ಇರುವುದು ಧರ್ಮಶಾಲೆ. ಅದಕ್ಕೆ ಇಂಡೆಂಟರ್ ಬೇಡ, ರೋಗಿಯ ಆಸ್ಪತ್ರೆ ಚೀಟಿ ಬೇಕು.

ನನ್ನ ಮಟ್ಟಿಗೆ ಕ್ಯಾಂಪಸ್ ವಸತಿಯ ಬೆಲೆ ನಿಜವಾಗಿ ಗೊತ್ತಾಗುವುದು ಊರಾಚೆಯ ವಿಶ್ವವಿದ್ಯಾಲಯಗಳಲ್ಲಿ. 1991ರಲ್ಲಿ ಆರಂಭವಾದ ಹಂಪಿ ಕನ್ನಡ ವಿಶ್ವವಿದ್ಯಾಲಯ ‘ವಿದ್ಯಾರಣ್ಯ’ ಎಂಬ ತನ್ನ ಆವರಣದಲ್ಲಿ ಬಂಡೆಗಳ ನಡುವೆ ಇದೆ. 1987ರ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದ ‘ಜ್ಞಾನಸಹ್ಯಾದ್ರಿ’ಯಲ್ಲಿ, ಭದ್ರಾ ಅಣೆಕಟ್ಟಿನ ಹತ್ತಿರ. 2011ರ ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ. ಇಂಥ ಕಡೆ ಗೇಟಿನಾಚೆ ಸಾಲು ಸಾಲು ಲಾಡ್ಜು ಇರುವುದಿಲ್ಲ. ಅತಿಥಿ ಗೃಹ ಬಿಟ್ಟರೆ ಹೊಸಪೇಟೆಗೋ ಶಿವಮೊಗ್ಗಕ್ಕೋ ಹಿಂದಿರುಗಬೇಕು. ಸಂಜೆ ಮೇಲೆ ಬಸ್ಸು ಕಡಿಮೆ. ಹಂಪಿಯಲ್ಲಿ ಚಳಿಗಾಲದ ರಜೆಯ ದಿನಗಳಲ್ಲಿ ಪ್ರವಾಸಿಗರು ತುಂಬಿ ಹೊರಗಿನ ಕೋಣೆಗಳ ಬಾಡಿಗೆ ಏರುತ್ತದೆ. ಆಗ ವಿಶ್ವವಿದ್ಯಾಲಯದೊಳಗೆ ಸಂಶೋಧನೆಯ ಕೆಲಸಕ್ಕೆ ಬಂದವನಿಗೆ ಒಂದು ಮಂಚ ಸಿಕ್ಕರೆ ಅವನ ವಾರದ ಓದು ಉಳಿಯುತ್ತದೆ. ಊಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಗರದ ಸಂಸ್ಥೆಯಲ್ಲಿ ಮೆಸ್ ಮುಚ್ಚಿದರೆ ಹೊರಗೆ ದರ್ಶಿನಿ ಇರುತ್ತದೆ, ಇಲ್ಲಿ ಹಾಗಲ್ಲ. ರಾತ್ರಿ ಎಂಟರ ಮೇಲೆ ಬರುವವರು ‘ಊಟ ಎತ್ತಿಡಿ’ ಎಂದು ಮಧ್ಯಾಹ್ನವೇ ಕೇರ್‌ಟೇಕರಿಗೆ ಫೋನು ಮಾಡಿ ಹೇಳಿರಬೇಕು.

ರಾಜ್ಯದ ಹೊರಗೆ ಹೋಗುವವರಿಗೆ ಒಂದೆರಡು ಮಾತು. ಚೆನ್ನೈನ ಐಐಟಿಯಲ್ಲಿ ತರಮಣಿ ಗೆಸ್ಟ್ ಹೌಸ್, ಬೋಸ್ ಐನ್‌ಸ್ಟೈನ್ ಗೆಸ್ಟ್ ಹೌಸ್ ಎಂದು ಎರಡಿವೆ; ಮುಂಬೈ ಐಐಟಿಯಲ್ಲಿ ವನವಿಹಾರ, ಜಲವಿಹಾರ. ಗಿಂಡಿಯ ಕಾಡಿನಲ್ಲಿ ಎದ್ದ ಚೆನ್ನೈ ಕ್ಯಾಂಪಸ್ ಎಷ್ಟು ವಿಶಾಲವೆಂದರೆ ಗೇಟಿನಿಂದ ಒಳಕ್ಕೆ ಹೋಗಲು ಅವರದೇ ಬಸ್ಸು ಓಡುತ್ತದೆ. ಇಲ್ಲಿಯೂ ಯಾವ ಮನೆ, ಯಾವ ಗೇಟು ಎಂದು ಮೊದಲೇ ತಿಳಿದಿರಬೇಕು.

ಕಲ್ಲಿಕೋಟೆಯ ಎನ್‌ಐಟಿ ಗುಂಡ್ಲುಪೇಟೆಯವರಿಗೆ ನಕ್ಷೆಯಲ್ಲಿ ಹತ್ತಿರ, ಅದೇ ರಾಷ್ಟ್ರೀಯ ಹೆದ್ದಾರಿ 766ರ ದಾರಿ. ಆದರೆ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ, ಬೆರಳೆಣಿಕೆಯ ಬಸ್ಸುಗಳಿಗೆ, ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮಾತ್ರ ವಿನಾಯಿತಿ. ಬೆಳಗಿನ ಜಾವ ಸ್ವಂತ ಗಾಡಿ ತೆಗೆದುಕೊಂಡು ಹೊರಟು ಒಂಬತ್ತಕ್ಕೆ ಮುಟ್ಟುತ್ತೇನೆ ಎಂಬ ಲೆಕ್ಕ ಚೆಕ್‌ಪೋಸ್ಟಿನಲ್ಲೇ ನಿಲ್ಲುತ್ತದೆ. ಆರಕ್ಕೆ ಗೇಟು ತೆಗೆದ ಮೇಲೆ ವಯನಾಡು ದಾಟಿ ಘಾಟಿ ಇಳಿಯಬೇಕು. ಬೆಳಗಿನ ಕೆಲಸವಿದ್ದರೆ ಹಿಂದಿನ ಮಧ್ಯಾಹ್ನವೇ ಹೊರಟು ಅಲ್ಲೇ ತಂಗುವುದೊಂದೇ ದಾರಿ. ಅರ್ಜಿಯ ‘ಬರುವ ಗಂಟೆ’ ಅಂಕಣವನ್ನು ಈ ಲೆಕ್ಕ ಇಟ್ಟುಕೊಂಡೇ ತುಂಬಬೇಕು.

ಹೊರಗಿನವರು ನಮ್ಮ ಕಡೆಗೆ ಬಂದು ತಂಗುವುದೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ. ಬಂಡೀಪುರದಾಚೆ ಮಸಿನಗುಡಿಯಲ್ಲಿ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಕ್ಷೇತ್ರ ಕೇಂದ್ರವಿದೆ. ಮುದುಮಲೈ ಕಾಡಿನಲ್ಲಿ 50 ಹೆಕ್ಟೇರು ಜಾಗ ಗುರುತಿಸಿ, ಅಲ್ಲಿನ ಗಿಡಮರಗಳನ್ನು 1988ರಿಂದ ಅಳೆಯುತ್ತಾ ಬಂದಿರುವವರು ಇವರೇ. ಇವು ಲಾಡ್ಜಿನಂಥ ಜಾಗಗಳಲ್ಲ, ಕೆಲಸದ ಮನೆಗಳು. ಪಾಠದ ಭಾಗವಾಗಿ ಬರುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಲ್ಲಿ ತಂಗಲು ಕೇಳಬಹುದು, ಕೇಳಬೇಕಾದ್ದು ಕಾಲೇಜಿನ ಮೂಲಕ. ಕಾಡಿನೊಳಗೆ ಓಡಾಡಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು; ಮಂಚ ಸಿಕ್ಕಿತೆಂದರೆ ಕಾಡಿಗೆ ಹೋಗಲು ಒಪ್ಪಿಗೆ ಸಿಕ್ಕಿತು ಎಂದಲ್ಲ.

ಇನ್ನು ದುಡ್ಡಿನ ಲೆಕ್ಕ. ಬಾಡಿಗೆಯ ಪಟ್ಟಿಯನ್ನಷ್ಟೇ ನೋಡಿ ಹೋಲಿಸುವುದು ಸಾಲದು. ಲಾಡ್ಜಿನಲ್ಲಿ 1200, ಕ್ಯಾಂಪಸ್ಸಿನಲ್ಲಿ 800 ಎಂದಿಟ್ಟುಕೊಳ್ಳಿ. ಲಾಡ್ಜಿನಿಂದ ಬೆಳಿಗ್ಗೆ ಆಟೊಗೆ 250 ಹೋದರೆ ವ್ಯತ್ಯಾಸ 650. ಮೆಸ್ಸಿನ ತಿಂಡಿ ಹೊರಗಿನದಕ್ಕಿಂತ ಅಗ್ಗವಿದ್ದರೆ ಇನ್ನೂ ಹೆಚ್ಚು. ಆದರೆ ಲಾಡ್ಜಿನ ಕೋಣೆಯಲ್ಲಿ ಮೂರು ಜನ ಮಲಗುತ್ತಿದ್ದಿರಿ, ಕ್ಯಾಂಪಸ್ಸಿನಲ್ಲಿ ಕೋಣೆಗೆ ಇಬ್ಬರೇ ಎಂಬ ನಿಯಮವಿದ್ದು ಎರಡು ಕೋಣೆ ಹಿಡಿಯಬೇಕಾದರೆ ಲೆಕ್ಕ ತಿರುಗುತ್ತದೆ. ಹೆಚ್ಚುವರಿ ಹಾಸಿಗೆ ಕೊಡುತ್ತಾರೆಯೇ ಎಂದು ಕೇಳಿ. ಇನ್ನೊಂದು, ತೆರಿಗೆ. ದಿನಕ್ಕೆ 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ಮುಂಚೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಆ ವಿನಾಯಿತಿ ಹೋಗಿ 12% ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 5%ಗೆ ಇಳಿದಿದೆ. ಕ್ಯಾಂಪಸ್ಸಿನ ರಶೀದಿಯಲ್ಲೂ ಈ ಸಾಲು ಕಂಡರೆ ಗಾಬರಿ ಬೇಡ. ಹಳೆಯ ದರಪಟ್ಟಿಯನ್ನೇ ನಂಬಿ ಚಿಲ್ಲರೆ ಎಣಿಸಿಕೊಂಡು ಹೋಗುವುದು ಬೇಡ, ಅಷ್ಟೇ. ಹಲವೆಡೆ ನಗದು ತೆಗೆದುಕೊಳ್ಳುವುದೂ ಇಲ್ಲ, ಎಸ್‌ಬಿಐ ಕಲೆಕ್ಟ್ ಎಂಬ ಆನ್‌ಲೈನ್ ಪಾವತಿಯ ಮೂಲಕ ಮೊದಲೇ ಕಟ್ಟಿ ಅದರ ರಶೀದಿ ತೋರಿಸಬೇಕು.

‘ಒಬ್ಬರೇ ಬಂದರೆ ಕೋಣೆ ಹಂಚಿಕೊಳ್ಳಬೇಕೇ?’ ಎನ್ನುವುದು ಕೇಳಲೇಬೇಕಾದ ಪ್ರಶ್ನೆ. ಕೆಲವು ಕಡೆ ಒಂಟಿಯಾಗಿ ಬಂದವರಿಗೆ ಎರಡು ಮಂಚದ ಕೋಣೆಯಲ್ಲಿ ಒಂದು ಮಂಚ ಕೊಡುತ್ತಾರೆ. ಇನ್ನೊಂದಕ್ಕೆ ಪರಿಚಯವಿಲ್ಲದವರು, ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು, ಬರಬಹುದು. ಮೊದಲ ಸಲ ಮನೆ ಬಿಟ್ಟು ಹೊರಟ ಹುಡುಗಿಗೆ ಇದು ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು. ಹಾಗಿದ್ದೂ ಮಗಳನ್ನು ಒಬ್ಬಳೇ ಕಳಿಸಬೇಕಾದ ತಂದೆತಾಯಿಗೆ ನಾನು ಹೇಳುವುದು ಕ್ಯಾಂಪಸ್ಸೇ ಮೇಲು ಎಂದೇ. ಗೇಟಿನಲ್ಲಿ ಕಾವಲಿದೆ, ಬಂದು ಹೋದವರ ಹೆಸರು ಪುಸ್ತಕದಲ್ಲಿದೆ, ಕರೆದರೆ ಬರುವ ಪ್ರಾಧ್ಯಾಪಕರ ಫೋನ್ ನಂಬರು ಕೈಯಲ್ಲಿದೆ.

ಕಲಾವಿದರ ವಿಷಯದಲ್ಲಿ ನನಗೆ ಹೇಳಲೇಬೇಕಾದ ಮಾತಿದೆ. ನಮ್ಮ ಜಿಲ್ಲೆಯಿಂದ ಮಹದೇಶ್ವರ, ಮಂಟೇಸ್ವಾಮಿ ಕಾವ್ಯ ಹಾಡುವ ದೇವರಗುಡ್ಡರು, ಕಂಸಾಳೆಯವರು, ನೀಲಗಾರರು ವಿಶ್ವವಿದ್ಯಾಲಯಗಳಿಗೆ ಹೋಗುತ್ತಲೇ ಇರುತ್ತಾರೆ. ವಿಚಾರಸಂಕಿರಣವೋ, ಧ್ವನಿಮುದ್ರಣವೋ, ವಿದ್ಯಾರ್ಥಿಗಳ ಎದುರು ಪ್ರಾತ್ಯಕ್ಷಿಕೆಯೋ ಇರುತ್ತದೆ. ಇವರು ಸಂಸ್ಥೆಯೇ ಕರೆಸಿಕೊಂಡವರು, ನಿಯಮದ ಪ್ರಕಾರ ಮೊದಲನೆಯ ವರ್ಗ. ಅದೇ ವೇದಿಕೆಯಲ್ಲಿ ಅವರ ಹಾಡಿನ ಮೇಲೆ ಪ್ರಬಂಧ ಮಂಡಿಸುವ ಪ್ರಾಧ್ಯಾಪಕರಿಗೆ ಎಂಥ ಕೋಣೆಯೋ ಹಾಡಿದವರಿಗೂ ಅಂಥದೇ ಸಲ್ಲಬೇಕು. ಆದರೆ ಮೇಳದ ನಾಲ್ಕೈದು ಜನರನ್ನು ಒಟ್ಟಿಗೆ ಡಾರ್ಮಿಟರಿಗೋ ಯಾವುದೋ ಹಾಸ್ಟೆಲ್ಲಿನ ಖಾಲಿ ಕೋಣೆಗೋ ಕಳಿಸಿಬಿಡುವುದು ಸುಲಭ, ಏಕೆಂದರೆ ಅವರು ಕೇಳುವುದಿಲ್ಲ. ಕೇಳಬೇಕು. ಒಪ್ಪಿಕೊಳ್ಳುವ ಮುಂಚೆ, ಫೋನಿನಲ್ಲೇ: ‘ಸಾರ್, ನಾವು ಐದು ಜನ ಬರ್ತೀವಿ. ಹಿಂದಿನ ದಿನ ಸಂಜೆಗೇ ಬರ್ತೀವಿ. ಗೆಸ್ಟ್ ಹೌಸಿನಲ್ಲಿ ರೂಮು ಮಾಡಿದ್ದೀರಾ? ಊಟ ತಿಂಡಿ ನಿಮ್ಮ ಕಡೆಯಿಂದಲೇ ತಾನೆ? ಸಂಭಾವನೆ, ಬಸ್ ಚಾರ್ಜು ಬೇರೆ ಅಲ್ವಾ?’ ಇಷ್ಟು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಅದನ್ನೇ ಒಂದು ವಾಟ್ಸಾಪ್ ಸಂದೇಶದಲ್ಲಿ ಬರೆದು ಕಳಿಸಿ, ಉತ್ತರ ತೆಗೆದುಕೊಳ್ಳಿ. ಅಲ್ಲಿ ರಿಸೆಪ್ಷನ್ನಿನಲ್ಲಿ ‘ನಿಮ್ಮ ಹೆಸರಿಗೆ ರೂಮಿಲ್ಲ’ ಎಂದರೆ ತೋರಿಸಲು ಅದು ಬೇಕಾಗುತ್ತದೆ.

ಪರಿಚಯವೇ ಇಲ್ಲದ ಸಂಸ್ಥೆಯಲ್ಲಿ ಕೇಳುವುದು ಹೇಗೆ? ನಿಮಗೆ ಬಂದ ಪತ್ರದ ಕೆಳಗೆ ಸಹಿ ಮಾಡಿದವರೇ ನಿಮ್ಮ ಪರಿಚಯ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕನ್ನಡದಲ್ಲೇ ಬರೆಯಬಹುದು, ಕೇಂದ್ರದ ಸಂಸ್ಥೆಗಳಿಗೆ ಇಂಗ್ಲಿಷಿನಲ್ಲಿ. ಪತ್ರ ಉದ್ದ ಬೇಡ:

‘ಮಾನ್ಯರೇ, ನಾನು ಚಾಮರಾಜನಗರ ತಾಲ್ಲೂಕು ಚಂದಕವಾಡಿಯಿಂದ ಬರಬೇಕಾಗಿದೆ. ತಾವು ಕಳಿಸಿದ ಪತ್ರದಂತೆ ಈ ತಿಂಗಳ 14ರಂದು ಬೆಳಿಗ್ಗೆ 9ಕ್ಕೆ ನನ್ನ ಸಂದರ್ಶನವಿದೆ. ದೂರದ ಊರಾದ್ದರಿಂದ 13ರ ಸಂಜೆ 7ರ ಹೊತ್ತಿಗೆ ಬಂದು 14ರ ಸಂಜೆ ಹೊರಡುತ್ತೇನೆ. ಜೊತೆಯಲ್ಲಿ ನನ್ನ ತಂದೆ ಇರುತ್ತಾರೆ. ಅತಿಥಿ ಗೃಹದಲ್ಲಿ ಅಥವಾ ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ತಂಗಲು ಅವಕಾಶವಿದೆಯೇ, ಇದ್ದರೆ ಯಾರಿಗೆ ಅರ್ಜಿ ಕೊಡಬೇಕು ಎಂದು ದಯವಿಟ್ಟು ತಿಳಿಸಿ. ಬಾಡಿಗೆಯನ್ನು ನಾನೇ ಕಟ್ಟುತ್ತೇನೆ. ಸಂದರ್ಶನದ ಪತ್ರ ಮತ್ತು ಆಧಾರ್ ಪ್ರತಿ ಲಗತ್ತಿಸಿದ್ದೇನೆ.’

ಇದರಲ್ಲಿ ‘ಬಾಡಿಗೆಯನ್ನು ನಾನೇ ಕಟ್ಟುತ್ತೇನೆ’ ಎಂಬ ಸಾಲು ತುಂಬ ಕೆಲಸ ಮಾಡುತ್ತದೆ, ಇಂಡೆಂಟರ್ ಆಗುವವರ ಅಳುಕು ಅದರಿಂದಲೇ ಕಡಿಮೆಯಾಗುತ್ತದೆ. ಎರಡು ದಿನ ಉತ್ತರ ಬರದಿದ್ದರೆ ವಿಭಾಗದ ಕಚೇರಿಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಮಾಡಿ. ಗುಮಾಸ್ತರೋ ಮೇಡಮ್ಮೋ ಎತ್ತುತ್ತಾರೆ. ಪ್ರೊಫೆಸರ್ ಓದದೇ ಬಿಟ್ಟ ಇಮೇಲನ್ನು ಅವರ ಮುಂದೆ ಇಡುವವರು ಇವರೇ. ಇವರ ಹತ್ತಿರ ಸಮಾಧಾನವಾಗಿ ಮಾತಾಡಿ, ಹೆಸರು ಕೇಳಿಟ್ಟುಕೊಳ್ಳಿ.

ಬರೇ ಪರೀಕ್ಷೆ ಬರೆಯಲು ಹೋಗುವವರಿಗೆ, ಅಂದರೆ ಆ ಕ್ಯಾಂಪಸ್ ಕೇವಲ ಪರೀಕ್ಷಾ ಕೇಂದ್ರವಾಗಿದ್ದರೆ, ಕೋಣೆ ಕೊಡುವುದು ಅಪರೂಪ. ಅಂಥವರು ಲಾಡ್ಜು, ಯೂತ್ ಹಾಸ್ಟೆಲ್, ಸಮುದಾಯದ ವಿದ್ಯಾರ್ಥಿನಿಲಯಗಳನ್ನು ಮೊದಲೇ ನೋಡಿಕೊಳ್ಳಬೇಕು. ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಇದಕ್ಕೆ ಉಲ್ಟಾ ಅನುಭವ ಆಗುವುದುಂಟು. ಇಂಗ್ಲೆಂಡಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ರಜೆ ಬಂದು ವಿದ್ಯಾರ್ಥಿಗಳು ಊರಿಗೆ ಹೋದ ಮೇಲೆ ಖಾಲಿ ಕೋಣೆಗಳನ್ನು ಪ್ರವಾಸಿಗರಿಗೇ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ‘ಯಾರ ಕಡೆಯವರು’ ಎಂದು ಕೇಳುವುದಿಲ್ಲ, ಕಾರ್ಡು ಇದ್ದರೆ ಸಾಕು. ಅದೇ ಮಕ್ಕಳು ವಿದೇಶಿ ಪಾಸ್‌ಪೋರ್ಟ್ ಹಿಡಿದು ಇಲ್ಲಿ ಬಂದು ಕ್ಯಾಂಪಸ್ಸಿನಲ್ಲಿ ತಂಗಿದರೆ ಅತಿಥಿ ಗೃಹದವರು 24 ಗಂಟೆಯೊಳಗೆ ಅವರ ವಿವರದ ವರದಿ ಕಳಿಸಲೇಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳಿದಾಗ ಬೇಸರ ಪಡುವಂಥದ್ದಲ್ಲ.

ಹೊರಡುವ ದಿನ ಕೈಯಲ್ಲಿರಬೇಕಾದ್ದು ದೃಢೀಕರಣದ ಮುದ್ರಿತ ಪ್ರತಿ, ಜೊತೆಗೆ ಬರುವ ಪ್ರತಿಯೊಬ್ಬರ ಆಧಾರ್, ಇಂಡೆಂಟರ್ ಮತ್ತು ಕೇರ್‌ಟೇಕರ್ ಇಬ್ಬರ ನಂಬರು. ಫೋನಿನಲ್ಲಿ ಎಲ್ಲ ಇದೆ ಎನ್ನಬೇಡಿ, ಬಸ್ಸಿನಲ್ಲಿ ಬರುವಷ್ಟರಲ್ಲಿ ಚಾರ್ಜು ಇಳಿದಿರುತ್ತದೆ. ತಡವಾದರೆ ದಾರಿಯಿಂದಲೇ ತಿಳಿಸಿ. ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಹೆಸರು ಬರೆದಿಡದಿದ್ದರೆ ಅವರು ಒಳಗೆ ಬಿಡಲಾರರು, ಅದು ಅವರ ತಪ್ಪೂ ಅಲ್ಲ. ಕೋಣೆಗೆ ಹೋದ ಕೂಡಲೇ ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಕೇಳಿಕೊಳ್ಳಿ, ಸೋಲಾರ್ ಇರುವ ಕಡೆ ತಡವಾಗಿ ಎದ್ದವರಿಗೆ ತಣ್ಣೀರೇ ಗತಿ. ಕೋಣೆ ಬಿಡುವ ಹೊತ್ತು ಮಧ್ಯಾಹ್ನ 12ಕ್ಕೋ, ಬಂದ ಗಂಟೆಯಿಂದ 24 ಗಂಟೆಗೋ ಎನ್ನುವುದನ್ನೂ ಆಗಲೇ ತಿಳಿದುಕೊಳ್ಳಬೇಕು. ಸಂದರ್ಶನ ಮಧ್ಯಾಹ್ನ ಮೂರಕ್ಕೆ ಮುಗಿಯುವುದಾದರೆ ಬೆಳಿಗ್ಗೆಯೇ ಕೋಣೆ ಬಿಟ್ಟು ಬ್ಯಾಗನ್ನು ರಿಸೆಪ್ಷನ್ನಿನಲ್ಲಿ ಇಟ್ಟು ಹೋಗಿ. ಇಡಲು ಒಪ್ಪುತ್ತಾರೆ, ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

ಬರುವುದು ರದ್ದಾದರೆ ಬರೀ ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಕಳಿಸಿ. ಮುಂಗಡ ಎಷ್ಟು ದಿನ ಮೊದಲು ತಿಳಿಸಿದರೆ ವಾಪಸು ಬರುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಘಟಿಕೋತ್ಸವ, ದೊಡ್ಡ ಸಮ್ಮೇಳನದ ದಿನಗಳಲ್ಲಿ ಕೊನೆಯ ವರ್ಗದವರ ಕೋಣೆಯನ್ನು ಸಂಸ್ಥೆಯೇ ರದ್ದು ಮಾಡುವ ಹಕ್ಕು ಇಟ್ಟುಕೊಂಡಿರುತ್ತದೆ. ಆ ವರ್ಗದಲ್ಲಿದ್ದರೆ ಹಿಂದಿನ ದಿನ ಇನ್ನೊಮ್ಮೆ ಫೋನು ಮಾಡಿ ಖಚಿತ ಮಾಡಿಕೊಂಡು ಬಸ್ಸು ಹತ್ತಿ. ರಶೀದಿಯನ್ನು ಯಾರ ಹೆಸರಿಗೆ ಬರೆಸಬೇಕು ಎಂಬುದನ್ನು ಹಣ ಕಟ್ಟುವ ಮುಂಚೆಯೇ ಹೇಳಿ. ಶಾಲೆಯ ಮೇಷ್ಟ್ರಾಗಿ ತರಬೇತಿಗೆ ಹೋಗಿ ಬಂದವರು ಭತ್ಯೆ ಕೇಳುವಾಗ, ಕಲಾವಿದರು ಖರ್ಚು ವಾಪಸು ಪಡೆಯುವಾಗ, ಹೆಸರು ಬೇರೆಯಿದ್ದ ರಶೀದಿಯನ್ನು ಲೆಕ್ಕಪತ್ರದವರು ಒಪ್ಪುವುದಿಲ್ಲ. ಬರೆದು ಕೊಟ್ಟಾದ ಮೇಲೆ ತಿದ್ದಿಸುವುದು ಚಂದಕವಾಡಿಯಿಂದ ಆಗುವ ಕೆಲಸವಲ್ಲ.